ಉಚಿತವಾದುದೂ ಮಿತವಾಗಿರಲಿ

'ಮಿತವ್ಯಯ'ವೆಂಬ ಪದವನ್ನು ಜಿಪುಣತನಕ್ಕೆ ಪರ್ಯಾಯವೆಂದು ಹಲವರು ಭಾವಿಸುವುದುಂಟು. ಇದು ಸಲ್ಲದು. ಸಂಸ್ಕೃತದ 'ಮಾ' ಧಾತುವಿನಿಂದ ಹುಟ್ಟಿದ 'ಮಿತ' ಶಬ್ದಕ್ಕೆ ಅಳೆಯಲ್ಪಟ್ಟುದು ಎಂದರ್ಥ. ಅಳತೆಯರಿತು ವೆಚ್ಚಮಾಡುವವನು ಮಿತವ್ಯಯಿ; ಮಾಡಬೇಕಾದಲ್ಲಿಯೂ ಮಾಡದವನು ಲೋಭಿ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಪತ್ನಿ ಲಕ್ಕಮ್ಮ ನುಡಿದಳು. ಆ ಅಕ್ಕಿಗೆ ಬೆಲೆ ತೆರಬೇಕಾಗಿರಲಿಲ್ಲ. ಆದರೂ ಅಳತೆ ಮೀರಿತ್ತು. ಇಲ್ಲಿರುವ ಪಾಠವನ್ನು ನಾನು ಶಾಲೆಯಲ್ಲಿ ಎಷ್ಟೋ ಬಾರಿ ಬೋಧಿಸಿದ್ದೇನೆ. ಮನೆಯಲ್ಲಿ ಮಾತ್ರ ತಡವಾಗಿ ಕಲಿತೆ.

ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾಯಿತು. ಹಿಂದಿನ ಬಳಕೆಯ ಸರಾಸರಿಯನ್ನು ಆಧರಿಸಿ, 200 ಯೂನಿಟ್ಟುಗಳ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ತು ಉಚಿತವಾಯಿತು; 200 ದಾಟಿದರೆ ಪೂರ್ಣ ಬಿಲ್ಲನ್ನು ತೆರತಕ್ಕದ್ದೆಂಬುದು ಅದರ ನಿಯಮ. ವೇಣೂರಿನ ನಮ್ಮ ಮನೆಯಲ್ಲಿ ತೆಂಗಿನ ಸಿಪ್ಪೆಯಿಂದ ಕಾಯುತ್ತಿದ್ದ ಬಚ್ಚಲ ಹಂಡೆ ಮೂಲೆಗೆ ಸರಿಯಿತು. ಅದರ ಸ್ಥಾನಕ್ಕೆ ಗೀಸರು ಬಂದಿತು. ಬಾವಿಯ ಪಂಪಿನ ಫುಟ್‌ವಾಲ್ವು ಸೋರುತ್ತಿದ್ದರೂ ನಾನು ಉದಾಸೀನನಾಗಿದ್ದೆ. ಒಂದು ಬೇಸಗೆಯ ತಿಂಗಳಲ್ಲಿ ಬಳಕೆ 200ನ್ನು ದಾಟಿ, ಪೂರ್ಣ ಬಿಲ್ಲು ಕೈಗೆ ಬಂದಿತು. ಆಗ ನನ್ನ ಪತ್ನಿ ಆಡಿದ ಮಾತು ಇಷ್ಟೇ: "ಹಣ ತೆರುವಾಗ ಅಳೆದು ಬಳಸಿದಿರಿ, ಹಣವಿಲ್ಲವೆಂದಾಗ ಅಳೆಯುವುದನ್ನೇ ಬಿಟ್ಟಿರಿ."

ಉಚಿತವೆಂಬುದು ಬೆಲೆಯಿಲ್ಲದ್ದೆಂದಲ್ಲ. ಶರಾವತಿಯ ವಿದ್ಯುತ್ತಿನ ಹಿಂದೆ ಲಿಂಗನಮಕ್ಕಿ ಜಲಾಶಯಕ್ಕಾಗಿ ಹುಟ್ಟೂರನ್ನು ತೊರೆದವರ ತ್ಯಾಗವಿದೆ. ರಾಯಚೂರಿನ ವಿದ್ಯುತ್ತಿಗಾಗಿ ನಿತ್ಯವೂ ಕಲ್ಲಿದ್ದಲು ಉರಿಯುತ್ತದೆ. ನಾವು ತೆರದ ಬೆಲೆಯನ್ನು ಬೇರೊಬ್ಬರು ತೆತ್ತಿರುತ್ತಾರೆ.

ಇನ್ನು ಅಳತೆಯ ಕ್ರಮವನ್ನು ನೋಡೋಣ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು. 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟೂ ಬೇಡ. 75 ವ್ಯಾಟಿನ ಪಂಖ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್ಟು. 30 ವ್ಯಾಟಿನ ಹೊಸ ಬಗೆಯದಕ್ಕೆ 9 ಸಾಕು. 2000 ವ್ಯಾಟಿನ ಗೀಸರು ದಿನಕ್ಕೆ ಅರ್ಧ ಗಂಟೆ ನಡೆದರೆ ತಿಂಗಳಿಗೆ 30 ಯೂನಿಟ್ಟು. ಅಡುಗೆಮನೆಯಲ್ಲಿ ನಮ್ಮ ಕರಾವಳಿಯ ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು. ಅಕ್ಕಿಯನ್ನು ಕೆಲಕಾಲ ಕುದಿಸಿ, ಪಾತ್ರೆಯನ್ನು ಶಾಖ ಹಿಡಿದಿಡುವ ಪೆಟ್ಟಿಗೆಯಲ್ಲಿರಿಸಿದರೆ ಉಳಿದುದು ಬೆಂಕಿಯಿಲ್ಲದೆಯೇ ಬೇಯುತ್ತದೆ. ತೋಟದಲ್ಲಿ ಅಡಕೆಮರದ ಬುಡಕ್ಕೆ ಸೊಪ್ಪು ಮುಚ್ಚಿದರೆ ತೇವ ಉಳಿದು, ಪಂಪಿನ ಹೊತ್ತೂ ತಗ್ಗುತ್ತದೆ.

ದಾರಿಯ ವಿಷಯವೂ ಅಂತೆಯೇ. ವೇಣೂರಿನಿಂದ ಮೂಡುಬಿದಿರೆಗೆ ಸುಮಾರು ಇಪ್ಪತ್ತು ಕಿಲೋಮೀಟರು. ಲೀಟರಿಗೆ 16 ಕಿಲೋಮೀಟರು ಓಡುವ ಕಾರಿಗೆ ಹೋಗಿಬರಲು ಎರಡೂವರೆ ಲೀಟರು ಬೇಕು. 50 ಕಿಲೋಮೀಟರು ಓಡುವ ಬೈಕಿಗೆ ಒಂದು ಲೀಟರೂ ಬೇಡ. ಒಂದೇ ಮದುವೆಗೆ ಹೋಗುವ ನಾಲ್ವರು ಒಂದೇ ಕಾರಿನಲ್ಲಿ ಹೋದರೆ ತಲೆಗೆ ಬೀಳುವುದು ಕಾಲುಭಾಗ. ಚಕ್ರದಲ್ಲಿ ಗಾಳಿ ಕಡಮೆಯಿದ್ದರೆ ಇಂಧನ ಹೆಚ್ಚು ಸಲ್ಲುತ್ತದೆ. ಚಾರ್ಮಾಡಿ ಘಟ್ಟವನ್ನಿಳಿಯುವಾಗ ಉಳಿತಾಯವಾಗಲೆಂದು ಗೇರು ತಪ್ಪಿಸುವುದು ಅಪಾಯಕರ, ನಿಷ್ಫಲವೂ ಹೌದು. ಇಂದಿನ ಇಂಧನ ಇಂಜೆಕ್ಷನ್ ಎಂಜಿನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೇ ಇಂಧನ ನಿಲ್ಲುತ್ತದೆ. ಗೇರು ತಪ್ಪಿಸಿದರೆ ಎಂಜಿನು ತನ್ನ ಪಾಡಿಗೆ ತಾನು ಕುಡಿಯುತ್ತಿರುತ್ತದೆ.

ನಮ್ಮೂರ ಫಲ್ಗುಣೀ ತೀರದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟಮೂರ್ತಿ ಏನನ್ನೂ ಬೇಡದೆ ನಿಂತಿದೆ. ಅಂತಹ ವೈರಾಗ್ಯ ಗೃಹಸ್ಥರಾದ ನಮಗೆ ದುಸ್ಸಾಧ್ಯ. ಅಳತೆ ಮಾತ್ರ ಸಾಧ್ಯ. ನಮ್ಮ ಮನೆಯಲ್ಲಿ ಫುಟ್‌ವಾಲ್ವು ಬದಲಾಯಿತು, ಹಂಡೆ ಮರಳಿ ಒಲೆಯೇರಿತು. ಉಳಿದ ಹಣ ಪೆಟ್ಟಿಗೆಯಲ್ಲಿ ಕೊಳೆತರೆ ಅದು ಲೋಭ. ಒಬ್ಬ ಬಡ ವಿದ್ಯಾರ್ಥಿಯ ಪುಸ್ತಕಕ್ಕೆ ಸಂದರೆ ದಾಸೋಹ. ಮಿತವ್ಯಯದ ಫಲ ಅಲ್ಲಿಗೆ ಮುಟ್ಟಿದಾಗಲೇ ಅದು ಸಾರ್ಥಕ.