ಹಳ್ಳದ ಹೊನ್ನು ಮತ್ತು ಜಲಗಾರರು

ಅಮರಕೋಶವು ಬಂಗಾರಕ್ಕೆ ಹೇಳುವ ಹೆಸರುಗಳಲ್ಲಿ ಗಾಂಗೇಯ, ಜಾಂಬೂನದ ಎಂಬೆರಡು ನದಿಗಳ ಹೆಸರಿನಿಂದ ಹುಟ್ಟಿದವು. ವಿದ್ಯಾರ್ಥಿಗಳು ಇವನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ವ್ಯಾಖ್ಯಾನಕಾರರು ಪುರಾಣಕಥೆಯೊಂದನ್ನು ಹೇಳಿ ಮುಂದೆ ಸಾಗುತ್ತಾರೆ. ಆದರೆ ಈ ಹೆಸರುಗಳ ಹಿಂದೆ ಪ್ರತ್ಯಕ್ಷಾನುಭವವೂ ಉಂಟೆಂಬುದು ನನ್ನ ಮತ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಜಾಂಬೂನದವನ್ನೂ, ಗಣಿಯಿಂದ ಹೊರಟ ಆಕರೋದ್ಗತವನ್ನೂ ಬೇರೆ ಬೇರೆಯಾಗಿಯೇ ಎಣಿಸಿದ್ದಾನೆ. ಹೊಳೆಯ ಹೊನ್ನು ಬೇರೆ, ಗಣಿಯ ಹೊನ್ನು ಬೇರೆ ಎಂಬ ವಿವೇಕ ನಮ್ಮ ಪ್ರಾಚೀನರಿಗೆ ಇದ್ದಿತು.

ಇದರ ಸಾಕ್ಷ್ಯವನ್ನು ಅರಸಿ ನಾವು ಗಂಗಾತೀರಕ್ಕೆ ಹೋಗಬೇಕಾದುದಿಲ್ಲ. ಕೊಪ್ಪಳ, ಯಲಬುರ್ಗಾ ಸೀಮೆಗಳ ಪಶ್ಚಿಮಕ್ಕೆ, ಗದಗಿನ ಸಮೀಪದಿಂದ ತುಂಗಭದ್ರೆಯ ಕಡೆಗೆ ಚಾಚಿಕೊಂಡಿರುವ ಕಪ್ಪತಗುಡ್ಡವೇ ಸಾಕು. ಡೋಣಿ, ಸೊರಟೂರು ಮೊದಲಾದ ಊರುಗಳ ಹಳ್ಳಗಳಲ್ಲಿ ಮಳೆಗಾಲದ ಪ್ರವಾಹ ಇಳಿದ ಮೇಲೆ ಮರಳನ್ನು ತೊಳೆದು ಬಂಗಾರದ ಕಣಗಳನ್ನು ತೆಗೆಯುವವರಿದ್ದರು. ಅವರಿಗೆ ಜಲಗಾರರೆಂದು ಹೆಸರು. 1840ರ ಸುಮಾರಿಗೆ ಈ ಗುಡ್ಡಗಳ ಚಿನ್ನವನ್ನು ಕುರಿತು ಬರೆದ ಆಂಗ್ಲ ಸೇನಾಧಿಕಾರಿ ನ್ಯೂಬೋಲ್ಡ್‌ನೂ, 1874ರಲ್ಲಿ ವರದಿಯನ್ನು ಪ್ರಕಟಿಸಿದ ಭೂಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನೂ ಇವರ ಉದ್ಯೋಗವನ್ನು ಗಮನಿಸಿದ್ದರು. ಸೊರಟೂರಿನ ಹಳ್ಳವೇ ಎಲ್ಲಕ್ಕಿಂತ ಫಲವತ್ತಾದುದೆಂದು ಫೂಟನು ಕಂಡುಕೊಂಡನು.

ಹಳ್ಳದಲ್ಲಿ ಹೊನ್ನು ಹುಟ್ಟುವುದಿಲ್ಲ, ಬಂದು ತಂಗುತ್ತದೆ. ಅದರ ತವರುಮನೆ ಗುಡ್ಡದ ಬೆಣಚುಕಲ್ಲಿನ ಎಳೆಗಳು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದ ಬಿಸಿನೀರು ಕಪ್ಪುಹಸುರು ಪದರಶಿಲೆಗಳ ಬಿರುಕುಗಳಲ್ಲಿ ಹರಿದು ಬೆಣಚನ್ನೂ ಅದರೊಡನೆ ಚಿನ್ನವನ್ನೂ ನಿಕ್ಷೇಪಿಸಿತು. ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟವನೂ ಫೂಟನೇ. ಬಿಸಿಲು ಮಳೆಗಳಿಂದ ಕಲ್ಲು ಶಿಥಿಲವಾಗಿ ಉದುರುತ್ತದೆ, ನೀರು ಅದನ್ನು ಹೊತ್ತೊಯ್ಯುತ್ತದೆ. ಬೆಣಚಿನ ತೂಕ ಸಮಪ್ರಮಾಣದ ನೀರಿಗಿಂತ 2.65 ಪಟ್ಟು, ಅಪ್ಪಟ ಬಂಗಾರದ್ದು 19.3 ಪಟ್ಟು. ಆದುದರಿಂದ ಪ್ರವಾಹದ ವೇಗ ಕುಂದಿದೊಡನೆ ಮೊದಲು ಕೆಳಗಿಳಿಯುವುದು ಬಂಗಾರ. ಹಳ್ಳದ ತಿರುವಿನ ಒಳಮಗ್ಗುಲು, ಅಡ್ಡಬಂಡೆಯ ಹಿಂದಣ ತಗ್ಗು, ತಳಗಲ್ಲಿನ ಸೀಳುಗಳು ಅದು ಅಡಗುವ ಸ್ಥಾನಗಳು.

ನಮ್ಮ ಕೊಪ್ಪಳ, ಗಂಗಾವತಿಗಳ ಹಳ್ಳಗಳಲ್ಲಿ ಇದೇಕೆ ಇಲ್ಲವೆಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯದು. ಆನೆಗೊಂದಿಯ ಸುತ್ತಣ ಹೆಬ್ಬಂಡೆಗಳು ಗ್ರಾನೈಟು ಜಾತಿಯವು. ಅವುಗಳ ಮೇಲೆ ಹರಿದ ನೀರು ಮರಳನ್ನು ತಂದೀತೇ ಹೊರತು ಹೊನ್ನನ್ನಲ್ಲ. ಧಾರವಾಡ ಶಿಲೆಗಳು ಈ ವಿಶಾಲವಾದ ಗ್ರಾನೈಟಿನ ನಡುವೆ ಸೆರಗಿನ ಅಂಚಿನಂತೆ ಇಕ್ಕಟ್ಟಾದ ಪಟ್ಟಿಗಳಾಗಿ ಉಳಿದಿವೆ. ಪಶ್ಚಿಮದಲ್ಲಿ ಕಪ್ಪತಗುಡ್ಡದ್ದೊಂದು, ಉತ್ತರದಲ್ಲಿ ಹುನಗುಂದ ಕುಷ್ಟಗಿಗಳದೊಂದು, ಪೂರ್ವದಲ್ಲಿ ಹಟ್ಟಿ ಮಸ್ಕಿಗಳದೊಂದು.

ಜಲಗಾರನು ಶಿಲಾಶಾಸ್ತ್ರವನ್ನು ಓದಿದವನಲ್ಲ. ಆದರೂ ಎಲ್ಲಿ ಗುದ್ದಲಿ ಹಾಕಬೇಕೆಂಬುದನ್ನು ಬಲ್ಲವನಾಗಿದ್ದನು. ಬಂಡೆಗಳ ಸಂದಿನ ಮರಳುಜಲ್ಲಿಯನ್ನು ಕೆದರಿ, ಮರದ ಮರಿಗೆಯಲ್ಲಿ ಹಾಕಿ, ನೀರು ಸುರಿದು ಕಲಕುವನು. ಹಗುರಾದುದು ಕೊಚ್ಚಿಹೋಗಿ ತಳದಲ್ಲಿ ಕರಿಮರಳು ನಿಲ್ಲುವುದು. ಅದು ಕಬ್ಬಿಣದ ಅಂಶವುಳ್ಳದ್ದು. ಭಾರದಲ್ಲಿ ಚಿನ್ನದ ಬಡ ದಾಯಾದಿ. ಅದನ್ನು ಮತ್ತೊಮ್ಮೆ ಬಟ್ಟಲಿನಲ್ಲಿ ತೂಗಾಡಿಸಿ ತೊಳೆದರೆ ಅಂಚಿನಲ್ಲಿ ಹಳದಿಯ ಗೆರೆ ಕಾಣುವುದು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳನ್ನು ಪಾದರಸ ಹಿಡಿದುಕೊಳ್ಳುತ್ತದೆ. ಕಾಸಿದಾಗ ರಸ ಆರಿಹೋಗಿ ಹೊನ್ನು ಉಳಿಯುತ್ತದೆ. ಆ ಹೊಗೆ ವಿಷವೆಂಬುದನ್ನು ಇಲ್ಲಿ ಹೇಳದೆ ಬಿಡಬಾರದು. ಇಷ್ಟೆಲ್ಲ ದುಡಿದರೂ ಅವನಿಗೆ ದಕ್ಕುತ್ತಿದ್ದುದು ಹೊಟ್ಟೆಪಾಡಿನಷ್ಟೆ.

ಹಳ್ಳದಲ್ಲಿ ಕಣ ಸಿಕ್ಕಿತೆಂದರೆ ಗುಡ್ಡದಲ್ಲಿ ಗಟ್ಟಿ ಇರಬೇಕೆಂಬ ತರ್ಕದ ಬೆನ್ನುಹತ್ತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಕಬಲಾಯತಕಟ್ಟಿಯ ಸುತ್ತ ಗಣಿಗಳನ್ನು ತೋಡಿದವು. ಅವು ಬಹುಕಾಲ ಬಾಳಲಿಲ್ಲ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು.

ಪೂರ್ವದ ಪಟ್ಟಿಯ ಕಥೆ ಬೇರೆ. ಹಟ್ಟಿಯಲ್ಲಿ ಪ್ರಾಚೀನರು ಬಂಡೆಗೆ ಬೆಂಕಿಯಿಟ್ಟು, ಕಾದ ಕಲ್ಲು ಬಿರಿದಾಗ ಅದನ್ನು ಒಡೆದು, 600 ಅಡಿಗಳಿಗೂ ಆಳಕ್ಕೆ ಇಳಿದಿದ್ದರು. ಅಲ್ಲಿ ದೊರೆತ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷಗಳೆಂದು ಇಂಗಾಲದ ಪರೀಕ್ಷೆಯಿಂದ ತಿಳಿದುಬಂದಿದೆ. 1915ರಲ್ಲಿ ಚಿನ್ನದ ನೆಲೆಯನ್ನು ಅರಸುತ್ತ ಬಂದ ಇಂಜಿನಿಯರು ಬೀಡನ್‌ನಿಗೆ ಮಸ್ಕಿಯಲ್ಲಿ ಅಶೋಕನ ಶಾಸನವೇ ಕಣ್ಣಿಗೆ ಬಿದ್ದುದು ಪ್ರಸಿದ್ಧ. ದೇವಾನಾಂಪ್ರಿಯನೇ ಅಶೋಕನೆಂಬುದು ಅದರಿಂದ ನಿಶ್ಚಿತವಾಯಿತು. 1931ರಲ್ಲಿ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳು ಬೆಳಕಿಗೆ ಬಂದವು. ಬ್ರಹ್ಮಗಿರಿಯ ಶಾಸನದಲ್ಲಿ ಆರ್ಯಪುತ್ರನ ಆಜ್ಞೆ ಹೊರಟ ಸ್ಥಳ ಸುವರ್ಣಗಿರಿ. ಅದು ನಮ್ಮ ಕನಕಗಿರಿಯೆಂದು ಕೆಲವರು, ಮಸ್ಕಿಯೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಇನ್ನು ಕೆಲವರು ವಾದಿಸಿದ್ದಾರೆ. ಹೆಸರಿನ ಸಾಮ್ಯವೊಂದನ್ನೇ ಹಿಡಿದು ತೀರ್ಪು ಕೊಡುವುದು ತರವಲ್ಲ; ಮೌರ್ಯರ ಕಣ್ಣು ಎಡೆದೊರೆನಾಡಿನ ಮೇಲೆ ಬೀಳಲು ಹೊನ್ನು ಒಂದು ಕಾರಣವೆನ್ನಲು ಮಾತ್ರ ನನಗೆ ಸಂಕೋಚವಿಲ್ಲ. ಹಟ್ಟಿಯಲ್ಲಿ ನಿಜಾಮರ ಕಾಲದ ಕಂಪನಿ 1920ರಲ್ಲಿ ಕೆಲಸ ನಿಲ್ಲಿಸಿತಾದರೂ ಸ್ವಾತಂತ್ರ್ಯಾನಂತರ ಗಣಿ ಮತ್ತೆ ನಡೆಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿ ಅದೇ.

ಇನ್ನು ಶಬ್ದವಿಚಾರ. ಜಲಗಾರ ಎಂಬುದನ್ನು ಜಲಶಬ್ದದಿಂದ ಸಾಧಿಸುವುದು ಸುಲಭ. ಆದರೆ ಅಕ್ಕಿಯ ಕಲ್ಲು ತೆಗೆಯಲು ನೀರಿನಲ್ಲಿ ತೊಳೆಯುವುದಕ್ಕೆ ಜಾಲಿಸು ಎಂಬ ಧಾತು ನಮ್ಮಲ್ಲಿದೆ. ತೆಲುಗಿನಲ್ಲೂ ಅದರ ಸೋದರರೂಪವುಂಟು. ಅಡುಗೆಮನೆಯ ಆ ಕೆಲಸಕ್ಕೂ ಹಳ್ಳದ ಈ ಕೆಲಸಕ್ಕೂ ಕ್ರಮ ಒಂದೇ. ನನಗೆ ಈ ವ್ಯುತ್ಪತ್ತಿಯೇ ಹೆಚ್ಚು ಸಂಗತವಾಗಿ ತೋರುತ್ತದೆ. ಜಲಗಾರರು ಅಕ್ಕಸಾಲಿಗರ ಅಂಗಡಿಯ ಕಸಧೂಳನ್ನೂ ಗುಡಿಸಿ ತೊಳೆದು ಚಿನ್ನ ತೆಗೆಯುತ್ತಿದ್ದರು. ಅಲ್ಲಿಂದಲೇ ಈ ಪದಕ್ಕೆ ಬೀದಿ ಗುಡಿಸುವವನೆಂಬ ಅರ್ಥ ಅಂಟಿಕೊಂಡಿರಬೇಕು. ಕುವೆಂಪು 1928ರ ತಮ್ಮ ‘ಜಲಗಾರ’ ನಾಟಕದಲ್ಲಿ ಶಿವನನ್ನೇ ಜಲಗಾರನ ವೇಷದಲ್ಲಿ ತಂದರು. ಆ ನಾಟಕದ ಪಾಠ ಹೇಳುವ ಉಪಾಧ್ಯಾಯರು ಸೊರಟೂರಿನ ಹಳ್ಳವನ್ನೂ ಒಂದು ಮಾತಿನಲ್ಲಿ ಪ್ರಸ್ತಾಪಿಸಬಹುದು.