ಸದಾ ಚಾರ್ಜರ್‌ಗೆ ಜೋಡಿಸಿದ ಲ್ಯಾಪ್‌ಟಾಪ್: ಬ್ಯಾಟರಿ ಬಾಳಿಕೆಗೆ ಆರು ಕ್ರಮಗಳು

ದಿನವಿಡೀ ಚಾರ್ಜರ್‌ಗೆ ಜೋಡಿಸಿಟ್ಟ ಲ್ಯಾಪ್‌ಟಾಪ್‌ನ ಬ್ಯಾಟರಿ, ಬಳಕೆಯಾಗದಿದ್ದರೂ ಸವೆಯುತ್ತದೆ. ಇದಕ್ಕೆ ‘ಓವರ್‌ಚಾರ್ಜ್’ ಕಾರಣವಲ್ಲ. ಬ್ಯಾಟರಿ ತುಂಬಿದೊಡನೆ ನಿಯಂತ್ರಣ ಮಂಡಲ ಚಾರ್ಜಿಂಗ್ ನಿಲ್ಲಿಸುತ್ತದೆ. ಲ್ಯಾಪ್‌ಟಾಪ್ ಅಡಾಪ್ಟರ್‌ನ ವಿದ್ಯುತ್ತಿನಲ್ಲೇ ನಡೆಯುತ್ತದೆ. ಹಾನಿ ಮಾಡುವುದು ಸದಾ ಶೇ 100ರಲ್ಲೇ ನಿಲ್ಲುವ ಚಾರ್ಜ್ ಮತ್ತು ಬಿಸಿ. ಪೂರ್ತಿ ತುಂಬಿದ ಲಿಥಿಯಂ-ಅಯಾನ್ ಕೋಶದಲ್ಲಿ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತದೆ. ಈ ಮಟ್ಟದಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತ ಹೋಗುತ್ತದೆ. ಬಿಸಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಹೀಗೆ ಕಳೆದುಹೋದ ಸಾಮರ್ಥ್ಯ ಮರಳಿ ಬರುವುದಿಲ್ಲ.

1. ಈಗಿನ ಸ್ಥಿತಿ ತಿಳಿಯುವುದು: ವಿಂಡೋಸ್‌ನ ಬ್ಯಾಟರಿ ರಿಪೋರ್ಟ್‌ನಲ್ಲಿ ಮೂಲ ಸಾಮರ್ಥ್ಯ ಮತ್ತು ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ ಎರಡೂ ಇರುತ್ತವೆ. ಅವುಗಳ ಅಂತರವೇ ಈವರೆಗಿನ ಸವೆತ. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗ ಇದೇ ಮಾಹಿತಿಯನ್ನು ಶೇಕಡಾವಾರು ತೋರಿಸುತ್ತದೆ.

2. ಚಾರ್ಜ್‌ಗೆ ಮಿತಿ ಹಾಕುವುದು: ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕ್ರಮ ಇದು. ಚಾರ್ಜ್ ಶೇ 80ರ ಆಸುಪಾಸಿನಲ್ಲಿ ನಿಲ್ಲುವಂತೆ ಮಾಡಬೇಕು. ಲೆನೊವೊ ವ್ಯಾಂಟೇಜ್‌ನಲ್ಲಿ ‘ಕನ್ಸರ್ವೇಷನ್ ಮೋಡ್’, ಮೈ ಏಸಸ್‌ನಲ್ಲಿ ‘ಬ್ಯಾಟರಿ ಕೇರ್’ ಇದಕ್ಕಾಗಿಯೇ ಇವೆ. ಎಚ್‌ಪಿಯ ಹಲವು ಮಾದರಿಗಳಲ್ಲಿ ‘ಬ್ಯಾಟರಿ ಹೆಲ್ತ್ ಮ್ಯಾನೇಜರ್’, ಡೆಲ್‌ನಲ್ಲಿ ‘ಪ್ರೈಮರಿಲಿ ಎಸಿ ಯೂಸ್’ ಬಯೋಸ್‌ನಲ್ಲಿ ಸಿಗುತ್ತವೆ. ಮ್ಯಾಕ್‌ನಲ್ಲಿ ‘ಆಪ್ಟಿಮೈಸ್ಡ್ ಬ್ಯಾಟರಿ ಚಾರ್ಜಿಂಗ್’ ಚಾಲೂ ಇರಬೇಕು. ಇಂಥ ಸೌಲಭ್ಯವಿಲ್ಲದ ಯಂತ್ರವಾದರೆ, ಶೇ 80 ತಲುಪಿದಾಗ ಚಾರ್ಜರ್ ತೆಗೆದು, ಶೇ 40ಕ್ಕೆ ಇಳಿದಾಗ ಮತ್ತೆ ಜೋಡಿಸಬಹುದು.

3. ಬಿಸಿ ತಗ್ಗಿಸುವುದು: ಹಾಸಿಗೆ, ದಿಂಬು ಗಾಳಿಕಿಂಡಿಗಳನ್ನು ಮುಚ್ಚುತ್ತವೆ, ಗಟ್ಟಿ ಮೇಜು ಅಥವಾ ಸ್ಟ್ಯಾಂಡ್ ಸೂಕ್ತ. ಫ್ಯಾನಿನ ಧೂಳು ಆಗಾಗ ತೆಗೆಸಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗಿನ ಉಷ್ಣಾಂಶವೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇನ್ನೂ ಹೆಚ್ಚು. ಅಲ್ಲಿ ಲ್ಯಾಪ್‌ಟಾಪ್ ಬಿಡಬಾರದು.

4. ಪೂರ್ತಿ ಖಾಲಿ ಮಾಡದಿರುವುದು: ಸೊನ್ನೆಗಿಳಿಸಿ ಮತ್ತೆ ತುಂಬಿಸುವ ರೂಢಿ ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ ಬ್ಯಾಟರಿಗೆ ಅದು ಶ್ರಮವೇ ಹೊರತು ಲಾಭವಲ್ಲ. ಶೇಕಡಾವಾರು ತಪ್ಪಾಗಿ ತೋರುತ್ತಿದ್ದರೆ ಮಾತ್ರ, ಅಳತೆ ಸರಿಹೊಂದಲು ಒಮ್ಮೆ ಹಾಗೆ ಮಾಡಬಹುದು.

5. ಅಗತ್ಯವಿದ್ದಾಗ ಮಿತಿ ತೆಗೆಯುವುದು: ಪ್ರಯಾಣಕ್ಕೆ ಮುಂಚೆ ಅಥವಾ ದೀರ್ಘ ವಿದ್ಯುತ್ ಕಡಿತದ ಮುನ್ಸೂಚನೆಯಿದ್ದಾಗ ಶೇ 100 ತುಂಬಿಸುವುದರಿಂದ ತೊಂದರೆಯಿಲ್ಲ. ಕೆಲಸ ಮುಗಿದ ಮೇಲೆ ಮಿತಿಯನ್ನು ಮತ್ತೆ ಹಾಕಬೇಕು. ಹಳೆಯ ಯಂತ್ರಗಳಲ್ಲಿ ಬ್ಯಾಟರಿಯನ್ನೇ ಕಳಚಿಟ್ಟು ಬಳಸುವವರಿದ್ದಾರೆ. ಆದರೆ ಕರೆಂಟ್ ಹೋದ ಕ್ಷಣವೇ ಯಂತ್ರ ಆರಿಹೋಗಿ, ಉಳಿಸದ ಕೆಲಸ ನಷ್ಟವಾಗುತ್ತದೆ.

6. ಎತ್ತಿಡುವಾಗ ಅರ್ಧ ಚಾರ್ಜ್: ತಿಂಗಳುಗಟ್ಟಲೆ ಬಳಸದಿದ್ದರೆ ಸುಮಾರು ಶೇ 50 ಚಾರ್ಜ್‌ನಲ್ಲಿ ಪೂರ್ತಿ ಆಫ್ ಮಾಡಿ ತಂಪಾದ, ಒಣ ಜಾಗದಲ್ಲಿಡಬೇಕು.

ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ತಳಭಾಗ ಉಬ್ಬಿದ್ದರೆ ಈ ಯಾವ ಕ್ರಮವೂ ಸಾಲದು. ತಕ್ಷಣ ಚಾರ್ಜಿಂಗ್ ನಿಲ್ಲಿಸಿ, ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಿಸಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಮನೆಯ ಕಸಕ್ಕೆ ಹಾಕಬಾರದು. ಅದು ಬೆಂಕಿ ಹೊತ್ತಿಕೊಳ್ಳಬಲ್ಲದು.