ಗಾಲಿಯೊಳಗಿನ ಕಾವಲುಗಾರ: ಆಯಿಲ್ ಸೀಲ್

ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕೋದನ್ನು ನೀವೆಲ್ಲ ನೋಡಿದ್ದೀರಿ. ಅಚ್ಚಿಗೂ ಗಾಲಿಗೂ ಆಗುವ ತಿಕ್ಕಾಟವನ್ನು ವಿಜ್ಞಾನದಲ್ಲಿ ಘರ್ಷಣೆ ಎನ್ನುತ್ತಾರೆ. ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆಯಾಗುತ್ತದೆ. ಆದರೆ ಸ್ವಲ್ಪ ದಿನದಲ್ಲೇ ಎಣ್ಣೆ ಸೋರಿ ಹೋಗುತ್ತದೆ, ಉಳಿದದ್ದಕ್ಕೆ ಮಣ್ಣು ಮೆತ್ತುತ್ತದೆ. ಎತ್ತು ನಿಧಾನ ನಡೆಯುವುದರಿಂದ ಚಕ್ಕಡಿಗೆ ಅದು ನಡೀತದೆ. ಟ್ರ್ಯಾಕ್ಟರ್, ಟ್ರೇಲರ್, ಜೀಪುಗಳಿಗೆ ನಡೆಯೋದಿಲ್ಲ. ಅವುಗಳ ಗಾಲಿಯೊಳಗೆ ಬೇರಿಂಗ್ ಇರುತ್ತದೆ. ಅಲ್ಲಿಂದ ಎಣ್ಣೆ ಹೊರಗೆ ಬರಬಾರದು, ಹೊರಗಿನ ಧೂಳು, ನೀರು ಒಳಗೆ ಹೋಗಬಾರದು. ಈ ಎರಡೂ ಕೆಲಸವನ್ನು ಆಯಿಲ್ ಸೀಲ್ ಒಂದೇ ಮಾಡುತ್ತದೆ.

ನೋಡಲು ಅದು ಕರೀ ಬಳೆಯ ಹಾಗೆ ಇದೆ. ಒಳಗೆ ಉಕ್ಕಿನ ಪಟ್ಟಿ, ಮೇಲೆ ರಬ್ಬರ್. ನಡುವಿನ ತೂತಿನ ಅಂಚಿಗೆ ತೆಳ್ಳನೆಯ ರಬ್ಬರ್ ತುಟಿ ಇರುತ್ತದೆ. ಸೊಂಟಕ್ಕೆ ಉಡದಾರ ಕಟ್ಟಿದಂತೆ ಆ ತುಟಿಯ ಸುತ್ತ ಒಂದು ಸಣ್ಣ ಸುರುಳಿ ಸ್ಪ್ರಿಂಗ್ ಕೂತಿರುತ್ತದೆ. ಅದು ತುಟಿಯನ್ನು ಅಚ್ಚಿಗೆ ಒತ್ತಿ ಹಿಡಿಯುತ್ತದೆ. ಆಶ್ಚರ್ಯ ಏನೆಂದರೆ, ತುಟಿಗೂ ಅಚ್ಚಿಗೂ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ ಇರಲೇಬೇಕು. ಪೂರ್ತಿ ಒಣಗಿದರೆ ರಬ್ಬರ್ ಸುಟ್ಟು ಹೋಗುತ್ತದೆ. ಮೊದಲು ಈ ಸೀಲುಗಳನ್ನು ಚರ್ಮದಿಂದ ಮಾಡುತ್ತಿದ್ದರು. 1930ರ ದಶಕದಲ್ಲಿ ಜರ್ಮನಿಯಲ್ಲಿ ಇವನ್ನು ತಯಾರಿಸಿದ ಫ್ರಾಯ್ಡೆನ್‌ಬರ್ಗ್ ಕಂಪನಿ ಮೂಲತಃ ಚರ್ಮ ಹದ ಮಾಡುವ ಕಂಪನಿ! ರಬ್ಬರ್ ಆಮೇಲೆ ಬಂತು.

ಸೀಲ್ ಯಾಕೆ ಹಾಳಾಗುತ್ತದೆ? ನಮ್ಮ ಕುಕನೂರಿನ ಕಡೆ ಮಳೆಗಾಲದಲ್ಲಿ ಎರೆ ಹೊಲದ ರಾಡಿ, ಕಡಲೆ, ಬಿಳಿಜೋಳದ ರಾಶಿ ಹೊತ್ತಿಗೆ ಧೂಳು. ಎರಡೂ ತುಟಿಯನ್ನು ತಿಕ್ಕಿ ಸವೆಸುತ್ತವೆ. ಹಳೇದಾದರೆ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಬೇರಿಂಗ್ ಸವೆದು ಅಚ್ಚು ಅಲುಗಾಡಿದರೂ ಸೀಲ್ ಉಳಿಯೋದಿಲ್ಲ. ಇಂಥಲ್ಲಿ ಬರೀ ಸೀಲ್ ಬದಲಿಸಿದರೆ ರೊಕ್ಕ ದಂಡ.

ಎಣ್ಣೆ ಸೋರಿದರೆ ಏನಾಯ್ತು, ಮತ್ತೆ ಹಾಕಿದರಾಯ್ತು ಅಂತ ಕೆಲವರು ಅಂತಾರೆ. ನನಗೆ ಅದು ಸರಿ ಕಾಣೋದಿಲ್ಲ. ಜೀಪು, ಟೆಂಪೊಗಳ ಹಿಂದಿನ ಗಾಲಿಯಲ್ಲಿ ಸೀಲಿನ ಪಕ್ಕದಲ್ಲೇ ಬ್ರೇಕ್ ಇರುತ್ತದೆ. ಸೋರಿದ ಎಣ್ಣೆ ಬ್ರೇಕಿನ ಪಟ್ಟಿಗೆ ಹತ್ತಿದರೆ ಬ್ರೇಕ್ ಜಾರುತ್ತದೆ. ಟ್ರೇಲರಿನಲ್ಲಿ ಬೇರೆ ಅಪಾಯ. ಗ್ರೀಸ್ ಹೋಗಿ ಧೂಳು ತುಂಬಿದರೆ ಬೇರಿಂಗ್ ಕಾದು ಪುಡಿಯಾಗಿ ಗಾಲಿಯೇ ಕಳಚಬಹುದು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ರೊಟ್ಟಿ ಹೇರಿಕೊಂಡು ಹೋಗುವಾಗ ಎಷ್ಟು ಮಂದಿ ಅದರಲ್ಲಿ ಕೂತಿರ್ತಾರೆ, ವಿಚಾರ ಮಾಡಿರಿ.

ಟ್ರೇಲರಿನ ಸೀಲ್ ಬದಲಿಸೋದು ಹೀಗೆ. ಇದು ದೊಡ್ಡವರ ಕೆಲಸ, ನಾವು ಪಾನಾ ಕೊಡುತ್ತ ನೋಡಬೇಕು ಅಷ್ಟೇ. ಖಾಲಿ ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ ಬೇರೆ ಗಾಲಿಗಳಿಗೆ ಕಲ್ಲು ಕೊಡಬೇಕು. ಜಾಕ್ ಏರಿಸಿದ ಮೇಲೆ ಅಚ್ಚಿನ ಕೆಳಗೆ ದಪ್ಪ ಕಟ್ಟಿಗೆಯ ದಿಮ್ಮಿ ಇಡಲೇಬೇಕು, ಜಾಕ್ ಒಂದನ್ನೇ ನಂಬಬಾರದು. ಗಾಲಿ ಬಿಚ್ಚಿ, ಹಬ್ಬಿನ ಮುಚ್ಚಳ ತೆಗೆದರೆ ಸ್ಪ್ಲಿಟ್ ಪಿನ್ ಕಾಣುತ್ತದೆ. ಚಕ್ಕಡಿಗೆ ಕಡಾಣಿ ಇದ್ದಂತೆ ಇದು. ಪಿನ್, ನಟ್, ಹೊರಗಿನ ಬೇರಿಂಗ್ ತೆಗೆದು ಹಬ್ ಎಳೆದರೆ ಅದರ ಹಿಂಬದಿಗೆ ಸೀಲ್ ಇರುತ್ತದೆ. ಅದನ್ನು ಮೀಟಿ ತೆಗೆಯಬೇಕು. ಎಲ್ಲವನ್ನೂ ಸೀಮೆಎಣ್ಣೆ ಇಲ್ಲವೆ ಡೀಸೆಲ್‌ನಲ್ಲಿ ತೊಳೆದು ಒರೆಸಬೇಕು. ಸೀಲ್ ಕೂರುವ ಜಾಗದಲ್ಲಿ ಅಚ್ಚಿಗೆ ಉಗುರು ಆಡಿಸಿದಾಗ ಗೆರೆ ತಾಗಿದರೆ ಹೊಸ ಸೀಲೂ ಸೋರುತ್ತದೆ.

ಅಂಗಡಿಗೆ ಹಳೇ ಸೀಲ್ ಒಯ್ಯಬೇಕು. ಅದರ ಮೇಲೆ 40-62-10 ಈ ರೀತಿ ಅಂಕಿ ಇರುತ್ತವೆ: ಅಚ್ಚಿನ ದಪ್ಪ 40 ಮಿಲಿಮೀಟರ್, ಸೀಲಿನ ಹೊರಗಿನ ಅಳತೆ 62, ಅಗಲ 10. ಬೇರಿಂಗಿಗೆ ಗ್ರೀಸ್ ತುಂಬಿ ಒಳಗಿಟ್ಟ ಮೇಲೆ, ಹೊಸ ಸೀಲಿನ ಸ್ಪ್ರಿಂಗ್ ಕಾಣುವ ಮುಖವನ್ನು ಗ್ರೀಸ್ ಇರುವ ಕಡೆಗೆ ಮಾಡಿ ಕೂಡಿಸಬೇಕು. ನೇರ ಸುತ್ತಿಗೆ ಏಟು ಹಾಕಬಾರದು. ಮೇಲೆ ಕಟ್ಟಿಗೆ ಇಟ್ಟು ಸುತ್ತಲೂ ಸಮನಾಗಿ ಬಡಿಯಬೇಕು. “ತಮ್ಮಾ, ಸೀಲ್ ಸೊಟ್ಟ ಕುಂತ್ರ ಮತ್ತ ಬಿಚ್ಚೂದ ನೋಡು” ಅಂತ ಗ್ಯಾರೇಜಿನ ಮಿಸ್ತ್ರಿ ಕಾಕಾ ಹೇಳಿದರು. ತುಟಿಗೆ ಸ್ವಲ್ಪ ಗ್ರೀಸ್ ಸವರಿ ಹಬ್ ಏರಿಸಬೇಕು. ಹಬ್ ತಿರುಗಿಸುತ್ತಾ ನಟ್ ಬಿಗಿ ಮಾಡಿ, ಆಮೇಲೆ ತುಸು ಸಡಿಲಿಸಿ, ಹೊಸ ಪಿನ್ ಹಾಕಬೇಕು. ಗಾಲಿ ಸಲೀಸಾಗಿ ತಿರುಗಬೇಕು, ಅಲುಗಾಡಬಾರದು.

ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡಬೇಕು. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾರದಷ್ಟು ಸುಡುತ್ತಿದ್ದರೆ ನಟ್ ಬಿಗಿಯಾಗಿದೆ, ಮತ್ತೆ ಬಿಚ್ಚಬೇಕು.